ಗದ್ದಲದ ದುಡಿಮೆ: ಕಿವುಡಿಗೆ ವಂಶವಾಹಿಯ ನಂಟು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಭಾಗದ ಜಲ್ಲಿ ಕ್ರಷರ್, ಸಕ್ಕರೆ ಕಾರ್ಖಾನೆಗಳಂಥ ಕಡೆ ಒಂದೇ ಯಂತ್ರದ ಬಳಿ ವರ್ಷಗಟ್ಟಲೆ ದುಡಿದ ಇಬ್ಬರಲ್ಲಿ ಒಬ್ಬರ ಶ್ರವಣಶಕ್ತಿ ಕುಂದಿ, ಇನ್ನೊಬ್ಬರದು ಉಳಿಯಬಹುದು. ಇದಕ್ಕೆ ವಂಶವಾಹಿಗಳೂ ಭಾಗಶಃ ಕಾರಣ.

ಅತಿಶಬ್ದದಿಂದ ಒಳಕಿವಿಯ ರೋಮಕೋಶಗಳು ನಾಶವಾಗುತ್ತವೆ. ಅವು ಮರಳಿ ಹುಟ್ಟುವುದಿಲ್ಲ. ಒಳಕಿವಿಯಲ್ಲಿ ಪೊಟ್ಯಾಸಿಯಂ ಸಂಚಾರಕ್ಕೆ ನೆರವಾಗುವ ಕೆಸಿಎನ್‌ಇ1, ಕೆಸಿಎನ್‌ಕ್ಯೂ4 ವಂಶವಾಹಿಗಳ ಭೇದಗಳಿಗೂ ಈ ಹಾನಿಗೂ ನಂಟಿದೆಯೆಂದು ಸ್ವೀಡನ್, ಪೋಲೆಂಡ್ ಕಾರ್ಮಿಕರ ಅಧ್ಯಯನಗಳು ಸೂಚಿಸಿವೆ. ಆದರೆ ಅಪಾಯ ಯಾರಿಗೆಂದು ಮೊದಲೇ ಖಚಿತವಾಗಿ ಹೇಳಬಲ್ಲ ರಕ್ತಪರೀಕ್ಷೆ ಬಳಕೆಯಲ್ಲಿಲ್ಲ.

ಆದ್ದರಿಂದ ರಕ್ಷಣೆ ಎಲ್ಲರಿಗೂ ಬೇಕು. 1948ರ ಕಾರ್ಖಾನೆಗಳ ಕಾಯ್ದೆಯ ಅನುಸೂಚಿಯೇ ಇದನ್ನು ವರದಿ ಮಾಡಬೇಕಾದ ವೃತ್ತಿರೋಗವೆಂದು ಗುರುತಿಸಿತ್ತು. ಹಾನಿ ಸಾಮಾನ್ಯವಾಗಿ 4,000 ಹರ್ಟ್ಸ್ ಆಸುಪಾಸಿನ ತೀಕ್ಷ್ಣ ಸ್ವರಗಳಲ್ಲಿ ಆರಂಭವಾಗುವುದರಿಂದ ಮಾತು ಕೇಳಿಸುತ್ತಲೇ ಇರುತ್ತದೆ, ಕಾರ್ಮಿಕನಿಗೆ ಅರಿವಾಗದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ನಡೆಯುವ ಶ್ರವಣ ಪರೀಕ್ಷೆ ಅದನ್ನು ಪತ್ತೆಹಚ್ಚಬಲ್ಲದು.