ಕೌನ್ಸೆಲಿಂಗ್ ಅಂದ್ರೆ ರಾಜಿ ಮಾಡಿಸೋದಾ? ಮನೆಯೊಳಗಿನ ಹಿಂಸೆಯಿಂದ ಚೇತರಿಸಿಕೊಳ್ಳಲು ಸರಿಯಾದ ಥೆರಪಿಸ್ಟ್ ಹುಡುಕುವುದು ಹೇಗೆ?

ಸಿಇಟಿ ಸೀಟು ಹಂಚುವುದಕ್ಕೂ ನಾವು ಕೌನ್ಸೆಲಿಂಗ್ ಅನ್ನುತ್ತೇವೆ. ಪೊಲೀಸ್ ಠಾಣೆಯಲ್ಲಿ ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ ಬುದ್ಧಿ ಹೇಳುವುದಕ್ಕೂ ಕೌನ್ಸೆಲಿಂಗ್ ಅನ್ನುತ್ತೇವೆ. ಆಸ್ಪತ್ರೆಯಲ್ಲಿ ಮನಸ್ಸಿನ ಗಾಯಕ್ಕೆ ಕೊಡುವ ಚಿಕಿತ್ಸೆಗೂ ಅದೇ ಹೆಸರು. ಈ ಗೊಂದಲದಿಂದ ಹೆಚ್ಚು ಪೆಟ್ಟು ತಿನ್ನುವವರು ಮನೆಯಲ್ಲಿ ಹೊಡೆತ, ಬೈಗುಳ, ಬೆದರಿಕೆ ಸಹಿಸಿದ ಹೆಣ್ಣುಮಕ್ಕಳು. ಚಿಕಿತ್ಸೆ ಬೇಕೆಂದು ಹೋದವರಿಗೆ ಎಷ್ಟೋ ಸಲ ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎಂಬ ಉಪದೇಶ ಸಿಗುತ್ತದೆ.

ಇದರ ಜೊತೆಗೆ ‘ಸೈಕಾಲಜಿಸ್ಟ್ ಹತ್ರ ಹೋದರೆ ಹುಚ್ಚಿ ಅಂತ ಬರೆದುಕೊಡ್ತಾರೆ, ಕೋರ್ಟಿನಲ್ಲಿ ಮಕ್ಕಳು ಕೈತಪ್ಪಿ ಹೋಗ್ತಾರೆ’ ಎಂಬ ಹೆದರಿಕೆಯೂ ಇದೆ. ಇವುಗಳಲ್ಲಿ ನಿಜ ಎಷ್ಟು? ಸರಿಯಾದ ಸಹಾಯ ಎಲ್ಲಿ ಸಿಗುತ್ತದೆ? ಒಂದೊಂದಾಗಿ ನೋಡೋಣ.

ಇದು ಯಾರೋ ಕೆಲವರ ಸಮಸ್ಯೆಯೇ?

ಅಲ್ಲ. 2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಇಡೀ ದೇಶದ ಲೆಕ್ಕ ಶೇ 29.3. ನಿಮ್ಮ ಫ್ಯಾಮಿಲಿ ಗ್ರೂಪಿನಲ್ಲೂ ಇಂಥವರು ಇರಬಹುದು, ನಿಮಗೆ ಗೊತ್ತಿರಲಿಕ್ಕಿಲ್ಲ, ಅಷ್ಟೆ.

ಹಿಂಸೆ ಎಂದರೆ ಹೊಡೆತ ಮಾತ್ರವೂ ಅಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005 ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಹಿಂಸೆ ಎಲ್ಲವನ್ನೂ ಒಳಗೊಳ್ಳುತ್ತದೆ. ಸಂಬಳ ಕಿತ್ತುಕೊಳ್ಳುವುದು, ದಿನಾ ಅವಮಾನ ಮಾಡುವುದು, ತವರಿನವರ ಜೊತೆ ಮಾತಾಡಲು ಬಿಡದಿರುವುದೂ ಹಿಂಸೆಯೇ.

ರಾಜಿ ಬೇರೆ, ಚಿಕಿತ್ಸೆ ಬೇರೆ

ರಾಜಿ ಮಾತುಕತೆಯ ಗುರಿ ಸಂಸಾರ ಉಳಿಸುವುದು. ಚಿಕಿತ್ಸೆಯ ಗುರಿ ನಿಮ್ಮನ್ನು ಉಳಿಸುವುದು. ಥೆರಪಿಸ್ಟ್ ನಿಮ್ಮ ಪರವಾಗಿ ತೀರ್ಮಾನ ಮಾಡುವುದಿಲ್ಲ. ಗಂಡನನ್ನು ಬಿಡಿ ಎಂದೂ ಹೇಳುವುದಿಲ್ಲ, ಅಲ್ಲೇ ಇರಿ ಎಂದೂ ಹೇಳುವುದಿಲ್ಲ. ಹೆದರಿಕೆಯಿಲ್ಲದೆ ನೀವೇ ತೀರ್ಮಾನ ಮಾಡುವ ಸ್ಥಿತಿಗೆ ಮರಳಲು ನೆರವಾಗುತ್ತಾರೆ.

‘ಇಬ್ಬರೂ ಒಟ್ಟಿಗೆ ಬನ್ನಿ’ ಎಂಬ ಸಲಹೆಯ ಬಗ್ಗೆಯೂ ಎಚ್ಚರ ಬೇಕು. ಸಾಮಾನ್ಯ ಮನಸ್ತಾಪಕ್ಕೆ ದಂಪತಿ ಕೌನ್ಸೆಲಿಂಗ್ ಒಳ್ಳೆಯದೇ. ಆದರೆ ಹಿಂಸೆ ನಡೆಯುತ್ತಿರುವ ಮನೆಯಲ್ಲಿ ಹೆಂಡತಿ ಗಂಡನ ಎದುರು ನಿಜ ಹೇಳಲಾರಳು. ಹೇಳಿದರೆ ಅದರ ಬೆಲೆಯನ್ನು ಮನೆಗೆ ಹೋದ ಮೇಲೆ ತೆರಬೇಕಾಗಬಹುದು. ಆದ್ದರಿಂದ ಮೊದಲು ಒಬ್ಬರೇ ಹೋಗುವುದು ಸುರಕ್ಷಿತ.

ಇದೇ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಕೌನ್ಸೆಲಿಂಗ್‌ಗೆ ಸೂಚಿಸಬಹುದು. ಅದಕ್ಕೂ 2006ರ ನಿಯಮಗಳಲ್ಲಿ ಕಟ್ಟುಪಾಡು ಇದೆ. ಹಿಂಸೆ ಮರುಕಳಿಸುವುದಿಲ್ಲ ಎಂಬ ಭರವಸೆ ಪಡೆಯುವುದು ಅದರ ಉದ್ದೇಶ. ‘ಅವಳು ಎದುರು ಮಾತಾಡಿದಳು, ಅದಕ್ಕೇ ಹೊಡೆದೆ’ ಎಂಬಂಥ ಸಮರ್ಥನೆಗೆ ಅಲ್ಲಿ ಅವಕಾಶವಿಲ್ಲ.

ಮನೆ ಬಿಟ್ಟು ಬಂದ ಮೇಲೂ ಯಾಕೆ ನಿದ್ದೆ ಬರುವುದಿಲ್ಲ?

ಬೈಕಿನ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುವುದು, ಕೆಟ್ಟ ಕನಸು, ಯಾವುದರಲ್ಲೂ ಮನಸ್ಸಿಲ್ಲದಿರುವುದು, ‘ತಪ್ಪು ನನ್ನದೇ’ ಅನ್ನಿಸುವುದು. ಇವು ದುರ್ಬಲ ಮನಸ್ಸಿನ ಗುರುತಲ್ಲ. ವರ್ಷಗಟ್ಟಲೆ ಅಪಾಯದಲ್ಲಿ ಬದುಕಿದ ಮೆದುಳು ಅಪಾಯ ಕಳೆದ ಮೇಲೂ ಕಾವಲು ಕಾಯುತ್ತಲೇ ಇರುತ್ತದೆ.

ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಈ ಚೇತರಿಕೆಯ ಮೂರು ಹಂತಗಳನ್ನು ವಿವರಿಸಿದರು. ಮೊದಲನೆಯದು ಸುರಕ್ಷತೆ. ಎರಡನೆಯದು ಆದದ್ದನ್ನು ನೆನೆದು, ಕಳೆದುಕೊಂಡದ್ದಕ್ಕೆ ದುಃಖಿಸುವುದು. ಮೂರನೆಯದು ಜನರೊಂದಿಗೆ, ಬದುಕಿನೊಂದಿಗೆ ಮತ್ತೆ ಬೆಸೆದುಕೊಳ್ಳುವುದು. ಈ ಕ್ರಮಕ್ಕೆ ಅರ್ಥವಿದೆ. ಮೊದಲ ದಿನವೇ ‘ಎಲ್ಲ ಬಿಡಿಸಿ ಹೇಳಿ’ ಎಂದು ಒತ್ತಾಯಿಸುವವರು ಆತುರಪಡುತ್ತಿದ್ದಾರೆ ಎಂದರ್ಥ. ಒಳ್ಳೆಯ ಥೆರಪಿಸ್ಟ್ ಮೊದಲು ಕೇಳುವುದು ‘ಇವತ್ತು ರಾತ್ರಿ ಎಲ್ಲಿ ಮಲಗುತ್ತೀರಿ, ಅಲ್ಲಿ ಭಯ ಇದೆಯಾ?’ ಎಂಬಂಥ ಪ್ರಶ್ನೆಯನ್ನು.

ಬೋರ್ಡಿನಲ್ಲಿರುವ ಹೆಸರುಗಳ ಅರ್ಥ ಏನು?

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋರೋಗ ಶಾಸ್ತ್ರ ಓದಿದವರು. ಔಷಧಿ ಬರೆದುಕೊಡಬಲ್ಲರು. ನಿದ್ದೆ, ಊಟ ಪೂರ್ತಿ ಕೆಟ್ಟಿದ್ದರೆ ಅಥವಾ ಸಾಯುವ ಯೋಚನೆ ಬರುತ್ತಿದ್ದರೆ ಮೊದಲು ಇವರ ಬಳಿ ಹೋಗಿ.

ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ನೋಂದಣಿ ಸಂಖ್ಯೆ ಕೇಳುವುದು ನಿಮ್ಮ ಹಕ್ಕು, ಅದಕ್ಕೆ ಅವರು ಬೇಸರಪಡಬಾರದು.

ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್‌ಗಳು ಮನಸ್ಸಿನ ಜೊತೆಗೆ ಮನೆ, ಮಕ್ಕಳು, ಕೆಲಸ, ಕಾನೂನಿನ ಕಡೆಗೂ ಗಮನ ಕೊಡುತ್ತಾರೆ. ಹಿಂಸೆಯ ಪ್ರಕರಣಗಳಲ್ಲಿ ಇವರ ಸಹಾಯ ತುಂಬ ದೊಡ್ಡದು.

‘ಕೌನ್ಸೆಲರ್’ ಎಂಬ ಹೆಸರಿನಲ್ಲಿ ಎರಡು ವರ್ಷ ಸ್ನಾತಕೋತ್ತರ ಓದಿದವರೂ ಇದ್ದಾರೆ, ವಾರಾಂತ್ಯದ ಕೋರ್ಸ್ ಮುಗಿಸಿದವರೂ ಇದ್ದಾರೆ. ಆದ್ದರಿಂದ ಏನು ಓದಿದ್ದಾರೆ, ಎಲ್ಲಿ ತರಬೇತಿ ಪಡೆದಿದ್ದಾರೆ ಎಂದು ಕೇಳಿಯೇ ಮುಂದುವರಿಯಿರಿ.

ಎಲ್ಲಿಂದ ಶುರು ಮಾಡುವುದು?

• ಟೆಲಿ ಮನಸ್, 14416: 2022ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹೆಣ್ಣು, ಗಂಡು ಯಾರು ಬೇಕಾದರೂ ಕರೆ ಮಾಡಬಹುದು.
• ಮಹಿಳಾ ಸಹಾಯವಾಣಿ, 181: ಹಿಂಸೆ ಇನ್ನೂ ನಡೆಯುತ್ತಿದ್ದರೆ ಇಲ್ಲಿಗೆ ಕರೆ ಮಾಡಿ. ಈ ಕ್ಷಣವೇ ಅಪಾಯವಿದ್ದರೆ 112.
• ಸಖಿ ಒನ್ ಸ್ಟಾಪ್ ಸೆಂಟರ್: ವೈದ್ಯಕೀಯ ನೆರವು, ಪೊಲೀಸ್ ನೆರವು, ಕಾನೂನು ಸಲಹೆ, ಆಪ್ತಸಮಾಲೋಚನೆ ಒಂದೇ ಕಡೆ ಸಿಗುವ ಕೇಂದ್ರ. ಕೆಲವು ದಿನ ತಂಗಲೂ ವ್ಯವಸ್ಥೆ ಇರುತ್ತದೆ. ನಿಮ್ಮ ಜಿಲ್ಲೆಯ ಕೇಂದ್ರ ಎಲ್ಲಿದೆ ಎಂದು 181ರಲ್ಲಿ ಕೇಳಿ.
• ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ: ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ.
• ಉಚಿತ ಕಾನೂನು ನೆರವು, 15100: ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಇದು ಹಕ್ಕಿನಿಂದ ಸಿಗುತ್ತದೆ.

ಊರು ಚಿಕ್ಕದಾಗಿದ್ದು ಆಸ್ಪತ್ರೆಯಲ್ಲಿ ನೆಂಟರು, ಪರಿಚಯದವರು ಇದ್ದರೆ ಪಕ್ಕದ ತಾಲ್ಲೂಕಿಗೆ ಹೋಗುವುದರಲ್ಲಿ ತಪ್ಪಿಲ್ಲ.

ಮೊದಲ ಭೇಟಿಯಲ್ಲೇ ಕೇಳಿ

1. ಮನೆಯೊಳಗಿನ ಹಿಂಸೆ ಅನುಭವಿಸಿದವರ ಜೊತೆ ಮುಂಚೆ ಕೆಲಸ ಮಾಡಿದ್ದೀರಾ?
2. ನಾನು ಹೇಳಿದ್ದನ್ನು ಗಂಡನಿಗೆ, ಮನೆಯವರಿಗೆ ಹೇಳುತ್ತೀರಾ? ಯಾವ ಸಂದರ್ಭದಲ್ಲಿ ಬೇರೆಯವರಿಗೆ ತಿಳಿಸಬೇಕಾಗುತ್ತದೆ?
3. ಯಾವ ಬಗೆಯ ಚಿಕಿತ್ಸೆ ಕೊಡುತ್ತೀರಿ? ನಾವಿಬ್ಬರೂ ಗುರಿಯನ್ನು ಹೇಗೆ ಗೊತ್ತು ಮಾಡಿಕೊಳ್ಳುತ್ತೇವೆ?
4. ಒಂದು ಸಲಕ್ಕೆ ಎಷ್ಟು ಶುಲ್ಕ? ಕಡಿಮೆ ಮಾಡಲು ಸಾಧ್ಯವೇ?
5. ನನ್ನನ್ನು ಸಂಪರ್ಕಿಸಬೇಕಾದರೆ ಯಾವ ನಂಬರಿಗೆ, ಯಾವ ಹೊತ್ತಿನಲ್ಲಿ ಮಾಡುತ್ತೀರಿ?

ಎರಡನೆಯ ಪ್ರಶ್ನೆ ಮುಖ್ಯ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಗೋಪ್ಯತೆಯ ಹಕ್ಕು ಕೊಟ್ಟಿದೆ. ಜೀವಕ್ಕೆ ಅಪಾಯವಿದ್ದಾಗ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದಾಗ, ನ್ಯಾಯಾಲಯ ಕೇಳಿದಾಗ ಮಾಹಿತಿ ಕೊಡಬೇಕಾಗಬಹುದು. ಪ್ರಾಮಾಣಿಕರಾದವರು ಇದನ್ನು ಮೊದಲೇ ಹೇಳುತ್ತಾರೆ.

‘ನೀವು ಅವರಿಗೆ ಸಿಟ್ಟು ಬರುವ ಹಾಗೆ ಏನು ಮಾಡಿದಿರಿ?’, ‘ಮಕ್ಕಳ ಮುಖ ನೋಡಿ ಸಹಿಸಿಕೊಳ್ಳಿ’, ‘ಜಾತಕದಲ್ಲಿ ದೋಷ ಇರಬೇಕು’, ‘ಹತ್ತೇ ದಿನದಲ್ಲಿ ಗುಣ ಮಾಡುತ್ತೇನೆ’. ಇಂಥ ಮಾತು ಬಂದರೆ ಎದ್ದು ಬನ್ನಿ. ಅಲ್ಲಿ ಆಗದಿದ್ದರೆ ಥೆರಪಿಯೇ ವ್ಯರ್ಥ ಎಂದುಕೊಳ್ಳಬೇಡಿ, ಆ ವ್ಯಕ್ತಿ ನಿಮಗೆ ಸರಿಹೋಗಲಿಲ್ಲ ಅಷ್ಟೆ. ಮೂರ್ನಾಲ್ಕು ಭೇಟಿಯ ನಂತರವೂ ನಂಬಿಕೆ ಮೂಡದಿದ್ದರೆ ಬೇರೆಯವರನ್ನು ನೋಡಬಹುದು. ಔಷಧಿ ತೆಗೆದುಕೊಳ್ಳುತ್ತಿದ್ದರೆ ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಚಿಕಿತ್ಸೆ ಪಡೆದರೆ ಮಕ್ಕಳನ್ನು ಕಿತ್ತುಕೊಳ್ಳುತ್ತಾರಾ?

ಚಿಕಿತ್ಸೆ ಪಡೆದ ಮಾತ್ರಕ್ಕೆ ಹಾಗಾಗುವುದಿಲ್ಲ. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಆ ವ್ಯಕ್ತಿಯನ್ನು ಅಸ್ವಸ್ಥ ಬುದ್ಧಿಯವರೆಂದು ಪರಿಗಣಿಸುವಂತಿಲ್ಲ, ಹಾಗೆ ಘೋಷಿಸಬೇಕಾದದ್ದು ನ್ಯಾಯಾಲಯ ಎಂದು 2017ರ ಕಾಯ್ದೆ ಹೇಳುತ್ತದೆ. ಮಕ್ಕಳು ಯಾರ ಬಳಿ ಇರಬೇಕೆಂದು ತೀರ್ಮಾನಿಸುವಾಗ ನ್ಯಾಯಾಲಯ ನೋಡುವುದು ಮಗುವಿನ ಹಿತವನ್ನು. ಎದುರು ಪಕ್ಷದ ವಕೀಲರು ನಿಮ್ಮ ಚಿಕಿತ್ಸೆಯ ವಿಷಯ ಎತ್ತಬಹುದು. ಆದ್ದರಿಂದ ಕೇಸ್ ನಡೆಯುತ್ತಿದ್ದರೆ ನಿಮ್ಮ ವಕೀಲರಿಗೆ ಮೊದಲೇ ತಿಳಿಸಿ. ಹಿಂಸೆಯಿಂದಾದ ಗಾಯ, ಮನಸ್ಸಿನ ಮೇಲಾದ ಪರಿಣಾಮದ ವೈದ್ಯಕೀಯ ದಾಖಲೆ ಎಷ್ಟೋ ಸಲ ನಿಮ್ಮ ಪರವಾದ ಸಾಕ್ಷಿಯೂ ಆಗುತ್ತದೆ.

ಫೋನ್ ಬಗ್ಗೆ ಎಚ್ಚರ

ಕಾಲ್ ಹಿಸ್ಟರಿ, ಗೂಗಲ್ ಹುಡುಕಾಟ, ಅಪಾಯಿಂಟ್‌ಮೆಂಟಿನ ಎಸ್‌ಎಂಎಸ್, ಯುಪಿಐ ಪಾವತಿಯ ಮೆಸೇಜ್, ಲೊಕೇಶನ್ ಎಲ್ಲವೂ ಗುಟ್ಟು ಬಿಟ್ಟುಕೊಡುತ್ತವೆ. ನಿಮ್ಮ ವಾಟ್ಸ್ಆ್ಯಪ್ ಇನ್ನೊಂದು ಕಂಪ್ಯೂಟರಿಗೆ ಲಿಂಕ್ ಆಗಿದ್ದರೆ ಅಲ್ಲಿಯೂ ಮೆಸೇಜ್ ಕಾಣುತ್ತದೆ. ಹಾಗೆಂದು ಏಕಾಏಕಿ ಪಾಸ್‌ವರ್ಡ್ ಎಲ್ಲ ಬದಲಿಸಿದರೆ ಅನುಮಾನ ಹೆಚ್ಚಾಗಿ ಅಪಾಯವಾಗಬಹುದು. ನಂಬಿಕೆಯ ಗೆಳತಿಯ ಅಥವಾ ಸಹೋದ್ಯೋಗಿಯ ಫೋನಿನಿಂದ ಕರೆ ಮಾಡುವುದು, ಶುಲ್ಕವನ್ನು ನಗದಾಗಿ ಕೊಡುವುದು ಸರಳ ದಾರಿ.

ಈ ಕಾರಣಕ್ಕೇ ನಮ್ಮದೊಂದು ಕೋರಿಕೆ. ಈ ಲೇಖನವನ್ನು ಗ್ರೂಪುಗಳಿಗೆ ಧಾರಾಳವಾಗಿ ಕಳುಹಿಸಿ. ಆದರೆ ಕಷ್ಟದಲ್ಲಿದ್ದಾರೆ ಎಂದು ನಿಮಗೆ ಗೊತ್ತಿರುವ ಅಕ್ಕನಿಗೋ ಗೆಳತಿಗೋ ನೇರವಾಗಿ ಫಾರ್ವರ್ಡ್ ಮಾಡಬೇಡಿ, ಆ ಫೋನನ್ನು ಬೇರೆ ಯಾರೋ ನೋಡುತ್ತಿರಬಹುದು. ಎದುರಿಗೆ ಸಿಕ್ಕಾಗ ‘ನೀನು ಹೇಳಿದ್ದನ್ನು ನಾನು ನಂಬುತ್ತೇನೆ, ತಪ್ಪು ನಿನ್ನದಲ್ಲ’ ಎಂದು ಹೇಳಿ. 181 ಮತ್ತು 14416 ಎರಡೂ ಬರೆದಿಡದೆ ನೆನಪಿಟ್ಟುಕೊಳ್ಳಬಹುದಾದ ನಂಬರುಗಳು. ಅವನ್ನು ಬಾಯಿಮಾತಿನಲ್ಲೇ ತಿಳಿಸಿ. ಕೇಳಿದರೆ ಮೊದಲ ದಿನ ಜೊತೆಗೆ ಹೋಗಿ, ಹೊರಗೆ ಬೆಂಚಿನ ಮೇಲೆ ಕೂತಿರಿ.