‘ಗರ್ಭಿಣಿಯಾದರೆ ರಾಜೀನಾಮೆ ಕೊಡಬೇಕು’: ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಬಗ್ಗೆ ಹರಿದಾಡುವ 6 ಮಾತುಗಳು ನಿಜವೇ?

ಬೆಳಗಿನ ಹೊತ್ತು ಮೈಸೂರಿನ ಹಿನಕಲ್ ಫ್ಲೈಓವರ್ ಬಳಿ ಹತ್ತು ನಿಮಿಷ ನಿಂತು ನೋಡಿ. ಊಟದ ಡಬ್ಬಿ ಹಿಡಿದು ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶದ ಕಡೆ ಹೊರಟವರು, ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡು ಸಾಫ್ಟ್‌ವೇರ್ ಕಂಪನಿಗೆ ಹೊರಟವರು, ವಿಜಯನಗರ 4ನೇ ಹಂತದ ಮನೆಗಳಿಗೆ ಪಾತ್ರೆ-ಬಟ್ಟೆ ಕೆಲಸಕ್ಕೆ ನಡೆದು ಹೋಗುವವರು, ಅಂಗಡಿ, ಶಾಲೆ, ಆಸ್ಪತ್ರೆ ಎಂದು ಬಸ್ ಕಾಯುವವರು ಎಲ್ಲರೂ ಸಿಗುತ್ತಾರೆ. ಇವರ ಕೆಲಸ ಬೇರೆ ಬೇರೆ, ಸಂಬಳ ಬೇರೆ ಬೇರೆ. ಆದರೆ ಹೆಚ್ಚಿನವರ ಕೈಯಲ್ಲಿ ಒಂದು ಫೋನ್ ಇದೆ. ಅದರಲ್ಲಿ ‘ಹೆಂಗಸರು ಮತ್ತು ಕೆಲಸ’ದ ಬಗ್ಗೆ ಒಂದಲ್ಲ ಒಂದು ಫಾರ್ವರ್ಡ್ ಬಂದೇ ಇರುತ್ತದೆ.

ಕೆಲವು ಫಾರ್ವರ್ಡ್‌ಗಳು ಬರೀ ತಮಾಷೆ. ಆದರೆ ಕೆಲವನ್ನು ನಂಬಿದರೆ ಕೈಗೆ ಬರಬೇಕಾದ ಹಣ, ಕೆಲವೊಮ್ಮೆ ಕೆಲಸವೇ ಹೋಗುತ್ತದೆ. ಅಂತಹ ಆರು ಮಾತುಗಳನ್ನು ಒಂದೊಂದಾಗಿ ನೋಡೋಣ.

ಮಾತು 1: ‘ಪ್ರತಿಭೆ ಇದ್ದರೆ ಸಾಕು, ಹೆಣ್ಣು-ಗಂಡು ಎಂಬ ಭೇದ ಈಗ ಎಲ್ಲಿದೆ?’

ಸುಧಾ ಮೂರ್ತಿಯವರ ಪೋಸ್ಟ್ ಕಾರ್ಡ್ ಕಥೆ ನಿಮಗೂ ಬಂದಿರಬಹುದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದಾಗ ಟೆಲ್ಕೋ ಕಂಪನಿಯ ಜಾಹೀರಾತಿನಲ್ಲಿ ‘ಮಹಿಳೆಯರು ಅರ್ಜಿ ಹಾಕಬೇಕಿಲ್ಲ’ ಎಂಬ ಸಾಲು ಕಂಡು, ಅವರು ಜೆ.ಆರ್.ಡಿ. ಟಾಟಾ ಅವರಿಗೇ ಪತ್ರ ಬರೆದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಈ ಕಥೆಯನ್ನು ‘ಪ್ರತಿಭೆಯನ್ನು ಯಾರೂ ತಡೆಯಲಾರರು’ ಎನ್ನಲು ಬಳಸುತ್ತಾರೆ. ಆದರೆ ಗಮನಿಸಿ: ಪ್ರತಿಭೆ ಅವರಲ್ಲಿ ಮೊದಲೂ ಇತ್ತು. ತಡೆದದ್ದು ಜಾಹೀರಾತಿನ ಆ ಒಂದು ಸಾಲು. ಆ ಸಾಲು ನೋಡಿ ಸುಮ್ಮನಾದ ಹೆಣ್ಣುಮಕ್ಕಳು ಎಷ್ಟು ಮಂದಿಯೋ, ಅವರ ಕಥೆ ಯಾವ ಫಾರ್ವರ್ಡ್‌ನಲ್ಲೂ ಇಲ್ಲ.

ಮೈಸೂರಿಗೆ ಹತ್ತಿರದ ಇನ್ನೊಂದು ಉದಾಹರಣೆ ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ಅವರದು. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ ಅವರು. ಸೇರುವಾಗ ‘ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ’ ಎಂದು ಬರೆದುಕೊಡಬೇಕಾಯಿತು. ಜೊತೆಗೆ ಸೇರಿದ ಗಂಡಸರಿಗೆ ಅಂತಹ ಷರತ್ತು ಇರಲಿಲ್ಲ. ಮುಂದೆ ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟ್‌ಗೆ ಹೋದರು. ಪ್ರಕರಣ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ, ಮದುವೆಗೆ ಅನುಮತಿ ಕೇಳುವಂತಹ ನಿಯಮಗಳು ತಾರತಮ್ಯದವು ಎಂದು ಕಟುವಾಗಿ ಹೇಳಿ, ಸೇವಾ ನಿಯಮಗಳನ್ನು ಪರಿಶೀಲಿಸುವಂತೆ ಸರ್ಕಾರಕ್ಕೆ ತಿಳಿಸಿತು.

ಇವು ಹಳೆಯ ಕಥೆಗಳು, ನಿಜ. ಈಗಿನ ಲೆಕ್ಕ ನೋಡಿ. ಕೇಂದ್ರ ಸರ್ಕಾರದ 2023-24ರ ಕಾರ್ಮಿಕ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಶೇ 78.8 ಮಂದಿ ದುಡಿಯುತ್ತಿದ್ದಾರೆ ಅಥವಾ ಕೆಲಸ ಹುಡುಕುತ್ತಿದ್ದಾರೆ. ಹೆಂಗಸರಲ್ಲಿ ಈ ಪ್ರಮಾಣ ಶೇ 41.7 ಮಾತ್ರ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಮಾತು 2: ‘ಹೆಂಗಸರು ಕಡಿಮೆ ದುಡಿಯುತ್ತಾರೆ, ಅದಕ್ಕೇ ಸಂಬಳ ಕಡಿಮೆ’

ಮೊದಲು ದುಡಿಮೆಯ ಲೆಕ್ಕ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ಕೊಟ್ಟರೆ ಗಂಡಸರು 88 ನಿಮಿಷ ಕೊಡುತ್ತಾರೆ. ವ್ಯತ್ಯಾಸ ದಿನಕ್ಕೆ 201 ನಿಮಿಷ. ವಾರಕ್ಕೆ ಲೆಕ್ಕ ಹಾಕಿದರೆ 23 ಗಂಟೆ ದಾಟುತ್ತದೆ, ಅಂದರೆ ಎಂಟು ಗಂಟೆಯ ಸುಮಾರು ಮೂರು ಪಾಳಿ. ಓವರ್‌ಟೈಮ್ ಮಾಡಲು, ತರಬೇತಿಗೆ ಹೋಗಲು, ದೂರದ ಒಳ್ಳೆಯ ಕೆಲಸ ಹಿಡಿಯಲು ಬೇಕಾದ ಸಮಯ ಇಲ್ಲೇ ಕರಗುತ್ತದೆ.

ಇನ್ನು ಸಂಬಳ. 2012ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ವಿಜ್ಞಾನ ವಿಭಾಗಗಳ 127 ಪ್ರಾಧ್ಯಾಪಕರಿಗೆ ಪ್ರಯೋಗಾಲಯದ ಕೆಲಸಕ್ಕೆಂದು ಒಂದು ಅರ್ಜಿ ಕಳಿಸಿದರು. ಅರ್ಜಿ ಒಂದೇ, ಅಂಕಗಳು ಒಂದೇ. ಅರ್ಧ ಜನರಿಗೆ ‘ಜಾನ್’ ಎಂಬ ಹೆಸರು, ಉಳಿದವರಿಗೆ ‘ಜೆನಿಫರ್’. ಜಾನ್‌ಗೆ ಕೊಡಬಹುದು ಎಂದ ಸಂಬಳ ಸರಾಸರಿ ವರ್ಷಕ್ಕೆ ಸುಮಾರು 30,200 ಡಾಲರ್. ಜೆನಿಫರ್‌ಗೆ 26,500 ಡಾಲರ್. ಮಹಿಳಾ ಪ್ರಾಧ್ಯಾಪಕರೂ ಹೀಗೆಯೇ ಮಾಡಿದ್ದರು ಎಂಬುದು ಗಮನಿಸಬೇಕಾದ ವಿಷಯ. ಇದು ಒಬ್ಬಿಬ್ಬರು ಕೆಟ್ಟವರ ಕೆಲಸವಲ್ಲ, ಎಲ್ಲರ ತಲೆಯಲ್ಲೂ ಕೂತಿರುವ ಅಂದಾಜು.

2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಇನ್ನೊಂದು ಕಾರಣ ತೋರಿಸಿದ್ದಾರೆ. ಈಗಿನ ಸಂಬಳದ ಅಂತರ ಹೆಚ್ಚಾಗಿ ಕಾಣುವುದು ಒಂದೇ ಉದ್ಯೋಗದಲ್ಲಿರುವ ಗಂಡು-ಹೆಣ್ಣುಗಳ ನಡುವೆ, ಅದೂ ಮೊದಲ ಮಗು ಹುಟ್ಟಿದ ಮೇಲೆ.

ಕಾನೂನು ಏನು ಹೇಳುತ್ತದೆ? ಒಂದೇ ಬಗೆಯ ಕೆಲಸಕ್ಕೆ ಒಂದೇ ಸಂಬಳ ಕೊಡಬೇಕು. 1976ರ ಸಮಾನ ವೇತನ ಕಾಯ್ದೆ ಇದನ್ನು ಹೇಳಿತ್ತು. ಈಗ ಅದು ವೇತನ ಸಂಹಿತೆಯ ಭಾಗವಾಗಿದೆ. ‘ಕಂಪನಿ ನಷ್ಟದಲ್ಲಿದೆ, ಅದಕ್ಕೆ ಹೆಂಗಸರಿಗೆ ಕಡಿಮೆ’ ಎಂಬ ಸಬೂಬು ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಆಡ್ರೆ ಡಿ’ಕೋಸ್ಟಾ ಎಂಬ ಸ್ಟೆನೋಗ್ರಾಫರ್ ಪ್ರಕರಣದಲ್ಲಿ ಹೇಳಿದೆ.

ಮಾತು 3: ‘ಗರ್ಭಿಣಿಯಾದರೆ ರಾಜೀನಾಮೆ ಕೊಡಬೇಕು, ಹೆರಿಗೆ ರಜೆ ಪರ್ಮನೆಂಟ್ ಆದವರಿಗೆ ಮಾತ್ರ’

ಈ ಆರರಲ್ಲಿ ಹೆಚ್ಚು ನಷ್ಟ ಮಾಡುವ ಮಾತು ಇದು. ಇದು ಸುಳ್ಳು.

ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿದ್ದರೆ ಹೆರಿಗೆ ಸೌಲಭ್ಯಕ್ಕೆ ಅರ್ಹತೆ ಇದೆ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ, ಆಮೇಲಿನ ಮಗುವಿಗೆ 12 ವಾರ ಸಂಬಳಸಹಿತ ರಜೆ. ಗರ್ಭಪಾತವಾದರೆ 6 ವಾರ. 50 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರ ಇರಬೇಕು. ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ.

‘ನಾವು ದಿನಗೂಲಿ, ನಮಗಿಲ್ಲ’ ಎನ್ನುವವರಿದ್ದಾರೆ. ದೆಹಲಿ ಮಹಾನಗರ ಪಾಲಿಕೆಯ ದಿನಗೂಲಿ ಮಹಿಳೆಯರು ಇದೇ ಪ್ರಶ್ನೆಯನ್ನು ಕೋರ್ಟ್‌ಗೆ ಒಯ್ದಾಗ, 2000ರಲ್ಲಿ ಸುಪ್ರೀಂ ಕೋರ್ಟ್ ಅವರಿಗೂ ಹೆರಿಗೆ ಸೌಲಭ್ಯ ಕೊಡಬೇಕು ಎಂದು ತೀರ್ಪು ನೀಡಿತು. ಸಂಬಳದಲ್ಲಿ ಇಎಸ್ಐ ಕಡಿತವಾಗುತ್ತಿದ್ದರೆ ಈ ಹಣ ಬರುವುದು ಇಎಸ್ಐನಿಂದ. ಅಲ್ಲಿನ ಅರ್ಹತೆಯ ಲೆಕ್ಕ ಸ್ವಲ್ಪ ಬೇರೆ: ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಕನಿಷ್ಠ 70 ದಿನ ವಂತಿಗೆ ಕಟ್ಟಿರಬೇಕು.

ಒಂದು ಲೆಕ್ಕ ಹಾಕೋಣ. ತಿಂಗಳಿಗೆ 14,000 ರೂ. ಸಂಬಳ ಎಂದುಕೊಳ್ಳಿ. 26 ವಾರ ಎಂದರೆ ಆರು ತಿಂಗಳು, ಸುಮಾರು 84,000 ರೂ. ‘ಹೇಗೂ ತೆಗೆಯುತ್ತಾರೆ’ ಎಂದು ಹೆದರಿ ಐದನೇ ತಿಂಗಳಲ್ಲಿ ತಾನೇ ರಾಜೀನಾಮೆ ಬರೆದುಕೊಟ್ಟ ಮಹಿಳೆ ಆ ಹಣವನ್ನು ಕಳೆದುಕೊಳ್ಳುವ ಸಾಧ್ಯತೆ ಇದೆ. ಹಾಗಾಗಿ ಯಾರು ಹೇಳಿದರೂ ಖಾಲಿ ಹಾಳೆಗೆ, ರಾಜೀನಾಮೆ ಪತ್ರಕ್ಕೆ ಸಹಿ ಹಾಕುವ ಮೊದಲು ಕಾರ್ಮಿಕ ಇಲಾಖೆ ಅಥವಾ ಇಎಸ್ಐ ಕಚೇರಿಯಲ್ಲಿ ವಿಚಾರಿಸಿ.

ಮಾತು 4: ‘ರಾತ್ರಿ ಪಾಳಿಯಲ್ಲಿ ಹೆಂಗಸರು ಕೆಲಸ ಮಾಡುವುದು ನಿಷೇಧ’

ಅರ್ಧ ಸತ್ಯ, ಅದೂ ಹಳೆಯದು. 1948ರ ಕಾರ್ಖಾನೆ ಕಾಯ್ದೆಯಲ್ಲಿ ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಕಾರ್ಖಾನೆಗಳಲ್ಲಿ ಮಹಿಳೆಯರಿಗೆ ನಿರ್ಬಂಧ ಇತ್ತು. ರಕ್ಷಣೆಗೆಂದು ಬಂದ ಈ ನಿಯಮದಿಂದ ರಾತ್ರಿ ಪಾಳಿಯ ಭತ್ಯೆಯೂ, ಪಾಳಿ ಇರುವ ಕಡೆಯ ಕೆಲಸವೂ ಹೆಂಗಸರ ಕೈ ತಪ್ಪುತ್ತಿತ್ತು. ಕರ್ನಾಟಕ ಸರ್ಕಾರ 2019ರಲ್ಲಿ ಷರತ್ತುಗಳೊಂದಿಗೆ ಇದಕ್ಕೆ ಅನುಮತಿ ಕೊಟ್ಟಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳೂ ಅನುಮತಿ ಕೊಡುತ್ತವೆ.

ಆದರೆ ಮುಖ್ಯ ಮಾತು: ಮಹಿಳೆಯ ಒಪ್ಪಿಗೆ ಬೇಕು, ಸುರಕ್ಷತೆಯ ಹೊಣೆ ಮಾಲೀಕರದು. ಅನುಮತಿ ಇದೆ ಎಂದ ಮಾತ್ರಕ್ಕೆ ಬಲವಂತ ಮಾಡುವಂತಿಲ್ಲ. ಹಗಲಿನ ಓಡಾಟವೂ ಕೆಲಸದ ಒಂದು ಭಾಗವೇ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ಆ ಖರ್ಚನ್ನು ಇಳಿಸಿದೆ. ರಾತ್ರಿ ಹನ್ನೊಂದಕ್ಕೆ ಪಾಳಿ ಮುಗಿಸಿದವರಿಗೆ ಬೇಕಾದದ್ದು ಮಾತ್ರ ಮನೆ ಬಾಗಿಲಿನವರೆಗಿನ ವಾಹನ.

ಮಾತು 5: ‘ಕಿರುಕುಳದ ದೂರು ಕೊಟ್ಟು ಸಾಬೀತಾಗದಿದ್ದರೆ ದೂರು ಕೊಟ್ಟವಳಿಗೇ ಶಿಕ್ಷೆ’

ಸುಳ್ಳು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳಿದೆ: ದೂರನ್ನು ಸಾಬೀತುಪಡಿಸಲು ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ದೂರುದಾರರ ಮೇಲೆ ಕ್ರಮ ಕೈಗೊಳ್ಳುವಂತಿಲ್ಲ. ಗೊತ್ತಿದ್ದೂ ದುರುದ್ದೇಶದಿಂದ ಸುಳ್ಳು ದೂರು ಕೊಟ್ಟದ್ದು ವಿಚಾರಣೆಯಲ್ಲಿ ರುಜುವಾತಾದರೆ ಮಾತ್ರ ಕ್ರಮ.

ತಿಳಿದಿರಬೇಕಾದ ಇನ್ನಷ್ಟು ವಿಷಯಗಳು:

• 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷರು ಮಹಿಳೆಯೇ ಆಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರಿರಬೇಕು, ಹೊರಗಿನ ಒಬ್ಬ ಸದಸ್ಯರೂ ಇರಬೇಕು. ಸಮಿತಿ ಮಾಡದಿದ್ದರೆ 50,000 ರೂ.ವರೆಗೆ ದಂಡ.

• 10ಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮನೆಗೆಲಸದವರಿಗೂ ಈ ಕಾಯ್ದೆ ಅನ್ವಯಿಸುತ್ತದೆ.

• ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಬರೆಯಲು ಬಾರದಿದ್ದರೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಕೆಲಸ.

• ವಿಚಾರಣೆ 90 ದಿನದೊಳಗೆ ಮುಗಿಯಬೇಕು. ಅಷ್ಟರಲ್ಲಿ ಬೇರೆ ಕಡೆ ವರ್ಗಾವಣೆ ಅಥವಾ 3 ತಿಂಗಳವರೆಗೆ ರಜೆ ಕೇಳಬಹುದು.

• ಆನ್‌ಲೈನ್ ದೂರಿಗೆ ಕೇಂದ್ರ ಸರ್ಕಾರದ ‘ಶಿ-ಬಾಕ್ಸ್’ ಪೋರ್ಟಲ್ ಇದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಮಾತು 6: ‘ಮುಟ್ಟಿನ ರಜೆ ಎಂದರೆ ಸುಮ್ಮನೆ ಮನೆಯಲ್ಲಿ ಕೂರಲು ನೆಪ’

ಮುಟ್ಟಿನ ನೋವು ಮನಸ್ಸಿನ ಭ್ರಮೆಯಲ್ಲ. ಆ ದಿನಗಳಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಗರ್ಭಕೋಶದ ಸ್ನಾಯುಗಳನ್ನು ಬಿಗಿಯಾಗಿ ಹಿಂಡುತ್ತದೆ. ಅದು ಹೆಚ್ಚಾದವರಿಗೆ ನೋವಿನ ಜೊತೆ ವಾಂತಿ, ಭೇದಿ, ತಲೆನೋವು ಕೂಡ ಬರಬಹುದು. ಎಂಡೊಮೆಟ್ರಿಯೋಸಿಸ್ ಎಂಬ ತೀವ್ರ ನೋವಿನ ಕಾಯಿಲೆ ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ 10 ಮಂದಿಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಲ್ಲರಿಗೂ ಒಂದೇ ಸಮ ನೋವಿರುವುದಿಲ್ಲ, ಹಾಗೆಂದು ಯಾರಿಗೂ ಇಲ್ಲ ಎಂದರೆ ತಪ್ಪು.

ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನಗಳ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಇದು ಖಾಸಗಿ ವಲಯಕ್ಕೂ ಸೇರಿ. ಇದನ್ನು ಪ್ರಶ್ನಿಸಿ ಹೋಟೆಲ್ ಮಾಲೀಕರ ಸಂಘ ಹೈಕೋರ್ಟ್ ಮೆಟ್ಟಿಲೇರಿದ್ದರಿಂದ, ಈಗಿನ ಸ್ಥಿತಿ ಏನೆಂದು ನಿಮ್ಮ ಕಂಪನಿಯ ಎಚ್ಆರ್ ವಿಭಾಗದಲ್ಲಿ ಕೇಳಿ ತಿಳಿದುಕೊಳ್ಳಿ. ‘ಹೀಗಾದರೆ ಹೆಂಗಸರನ್ನು ಕೆಲಸಕ್ಕೇ ತೆಗೆದುಕೊಳ್ಳುವುದಿಲ್ಲ’ ಎಂಬ ಆತಂಕವನ್ನು ಹೆಂಗಸರೇ ಹೇಳುತ್ತಾರೆ. ಜಪಾನ್‌ನಲ್ಲಿ 1947ರಿಂದಲೇ ಇಂತಹ ರಜೆ ಇದ್ದರೂ ತೆಗೆದುಕೊಳ್ಳುವವರು ತೀರಾ ಕಡಿಮೆ. ರಜೆ ಕೇಳಿದವರನ್ನು ಕೀಳಾಗಿ ನೋಡಿದರೆ ಕಾನೂನು ಕಾಗದದಲ್ಲೇ ಉಳಿಯುತ್ತದೆ.

ಹಾಗಾದರೆ ಏನು ಮಾಡಬಹುದು?

ನೇಮಕಾತಿ ಪತ್ರ, ಸಂಬಳದ ಚೀಟಿ, ಇಎಸ್ಐ ಮತ್ತು ಪಿಎಫ್ ನಂಬರ್‌ಗಳ ಫೋಟೊ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. ಕೆಟ್ಟ ಮೆಸೇಜ್ ಬಂದರೆ ಅಳಿಸಬೇಡಿ, ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ಇಡಿ. ಬಾಯಿಮಾತಿನಲ್ಲಿ ಕೇಳಿದ್ದನ್ನು ಒಮ್ಮೆ ಬರಹದಲ್ಲಿ ಕೇಳಿ. ಒಬ್ಬರೇ ಕೇಳುವುದಕ್ಕಿಂತ ನಾಲ್ಕು ಜನ ಸೇರಿ ಕೇಳಿದರೆ ಬೆಲೆ ಹೆಚ್ಚು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯಲು ಅಡ್ಡಿಯಾದ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರರು ಬೀದಿಗಿಳಿದರು. ಅವರಲ್ಲಿ ಬಹುಪಾಲು ಹೆಂಗಸರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂಪಡೆಯಿತು.

ಮನೆಯಲ್ಲಿರುವ ಗಂಡಸರಿಗೂ ಒಂದು ಕೆಲಸ ಇದೆ. ಆ 201 ನಿಮಿಷಗಳಲ್ಲಿ ಅರ್ಧ ಗಂಟೆಯನ್ನಾದರೂ ನೀವು ವಹಿಸಿಕೊಳ್ಳಿ. ಅದಕ್ಕೆ ಯಾವ ಕಾನೂನೂ ಬೇಕಿಲ್ಲ.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಸಾಕು:

ಗರ್ಭಿಣಿಯಾದರೆ ರಾಜೀನಾಮೆ ಕೊಡಬೇಕಿಲ್ಲ. 80 ದಿನ ಕೆಲಸ ಮಾಡಿದ್ದರೆ, ದಿನಗೂಲಿಯಾಗಿದ್ದರೂ, ಹೆರಿಗೆ ರಜೆ ಮತ್ತು ಸಂಬಳ ಕೇಳುವ ಹಕ್ಕಿದೆ. ಇಎಸ್ಐ ಇದ್ದರೆ ಅಲ್ಲೇ ವಿಚಾರಿಸಿ. ಒಂದೇ ಕೆಲಸಕ್ಕೆ ಒಂದೇ ಸಂಬಳ. ರಾತ್ರಿ ಪಾಳಿಗೆ ನಿಮ್ಮ ಒಪ್ಪಿಗೆ ಬೇಕು. ಕಿರುಕುಳದ ದೂರು ಸಾಬೀತಾಗಲಿಲ್ಲ ಎಂದ ಮಾತ್ರಕ್ಕೆ ಶಿಕ್ಷೆ ಇಲ್ಲ, ಆದರೆ 3 ತಿಂಗಳೊಳಗೆ ಬರೆದು ಕೊಡಿ.