ಪರದೇಶದ ಮನೆಗೆ ಫ್ಯಾನು, ಟವೆಲಿಗೆ ಬಿಸಿ ಕಂಬಿ

ಗದಗದಿಂದ ಕೊಪ್ಪಳದ ದಾರಿ ಹಿಡಿದರೆ ಸುಮಾರು 12 ಕಿಲೊಮೀಟರಿಗೆ ಲಕ್ಕುಂಡಿ. ಹೊರಗಿನವರಿಗೆ ಅದು ಕಾಶಿವಿಶ್ವೇಶ್ವರ ಗುಡಿ, ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ, ಮುಸುಕಿನ ಬಾವಿಯ ಊರು. ಊರವರಿಗೆ ಅದು, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹಾಗೆಯೇ, ಮಕ್ಕಳನ್ನು ಓದಿಸಿ ದೂರಕ್ಕೆ ಕಳಿಸುವ ಊರೂ ಹೌದು. ಉತ್ತರ ಕರ್ನಾಟಕದಿಂದ ಬ್ರಿಟನ್ನಿಗೆ ಮೊದಲು ಹೋದವರಲ್ಲಿ ಡಾಕ್ಟರುಗಳು ಬಹಳ. ಹುಬ್ಬಳ್ಳಿಯ ಮೆಡಿಕಲ್ ಕಾಲೇಜು ಶುರುವಾದದ್ದು 1957ರಲ್ಲಿ. ಬ್ರಿಟನ್ನಿನ ಕನ್ನಡಿಗರು ಕನ್ನಡ ಬಳಗ ಕಟ್ಟಿಕೊಂಡದ್ದು 1983ರಲ್ಲಿ. ಈಗ ಸಾಫ್ಟ್‌ವೇರ್ ಮಂದಿ ಹೆಚ್ಚು, ದೇಶಗಳೂ ಹೆಚ್ಚು.

ಪರದೇಶದಲ್ಲಿ ಸ್ವಂತ ಮನೆ ಕೊಂಡವರು ಮೊದಲ ವರ್ಷದಲ್ಲೇ ಎರಡು ಸಾಮಾನಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಒಂದು, ಊರಿನಲ್ಲಿ ಹುಟ್ಟಿದಾಗಿನಿಂದ ತಲೆಯ ಮೇಲೆ ತಿರುಗಿದ ಸೀಲಿಂಗ್ ಫ್ಯಾನು. ಇನ್ನೊಂದು, ಊರಿನಲ್ಲಿ ಯಾರೂ ನೋಡಿರದ ಹೀಟೆಡ್ ಟವೆಲ್ ರೇಲ್, ಅಂದರೆ ಬಚ್ಚಲ ಗೋಡೆಗೆ ಹಾಕುವ ಬಿಸಿ ಕಂಬಿ. ಎರಡನ್ನೂ ಅಂಗಡಿಯ ಚಿತ್ರ ನೋಡಿ ಕೊಳ್ಳುವವರೇ ಹೆಚ್ಚು. ನೋಡಬೇಕಾದದ್ದು ಸೂರನ್ನು, ಬಚ್ಚಲ ಗೋಡೆಯನ್ನು.

ಲಕ್ಕುಂಡಿಗೆ ಬಿಸಿ ಕಂಬಿ ಯಾಕೆ ಬೇಡ

ಗದಗ ಜಿಲ್ಲೆಯ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಗಾಳಿ ಒಣಗಾಳಿ, ಮುಂಗಾರಿನಲ್ಲಂತೂ ಬಿರುಸು ಗಾಳಿ. ಗುಡ್ಡಗಳ ಮೇಲೆ ಸಾಲುಗಟ್ಟಿದ ಗಾಳಿಯಂತ್ರಗಳು ಸುಮ್ಮನೆ ಅಲ್ಲಿಗೆ ಬಂದಿಲ್ಲ. ಹಿತ್ತಿಲ ತಂತಿಗೆ ಹಾಕಿದ ಟವೆಲು ಏಪ್ರಿಲ್ ಬಿಸಿಲಿನಲ್ಲಿ ಊಟ ಮಾಡಿ ಏಳುವಷ್ಟರಲ್ಲಿ ಗರಿಗರಿ. ಹಳೆಯ ಮನೆಗಳ ಬಚ್ಚಲಲ್ಲಿ ನೀರೊಲೆ, ಹಂಡೆ ಇರುತ್ತಿದ್ದವು; ಒಲೆಯ ಕಾವಿಗೇ ಗೋಡೆ ಒಣಗುತ್ತಿತ್ತು. ಬಟ್ಟೆ ಒಣಗಿಸಲು ಕರೆಂಟು ಸುಡುವುದೆಂದರೆ ಇಲ್ಲಿ ನಗು ಬರುವುದು ಸಹಜ.

ಪರದೇಶದಿಂದ ಬಂದ ಮಕ್ಕಳು ಊರಿನ ಹೊಸ ಮನೆಗೂ ಅಂಥದ್ದೊಂದು ಕಂಬಿ ಹಾಕಿಸಲು ಹೊರಟರೆ ತಡೆಯಿರಿ. ಆ ದುಡ್ಡಿಗೆ ಬಚ್ಚಲಿಗೆ ದೊಡ್ಡ ಕಿಟಕಿ ಇಡಿಸಬಹುದು.

ಪರದೇಶದ ಬಚ್ಚಲು ಒಣಗುವುದಿಲ್ಲ

ಡಿಸೆಂಬರಿನಲ್ಲಿ ಲಂಡನ್ನಿನ ಸೂರ್ಯ ಸಂಜೆ ನಾಲ್ಕರ ಒಳಗೇ ಮುಳುಗುತ್ತಾನೆ. ಹೊರಗೆ ತಂತಿ ಕಟ್ಟಿದರೂ ಬಟ್ಟೆ ಒಣಗದು. ಚಳಿ ಒಳಬರದಂತೆ ಕಿಟಕಿ ಮುಚ್ಚಿದ ಮನೆಯಲ್ಲಿ ಸ್ನಾನದ ಹಬೆ ತಣ್ಣಗಿನ ಗೋಡೆಗೆ ತಾಗಿ ನೀರಾಗುತ್ತದೆ, ಆ ನೀರಿಗೆ ಕಪ್ಪು ಬೂಷ್ಟು ಹಿಡಿಯುತ್ತದೆ. ಇದು ಬರೀ ಗೋಡೆಯ ಅಂದದ ಪ್ರಶ್ನೆಯಲ್ಲ: 2020ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಬೂಷ್ಟು ಹಿಡಿದ ಬಾಡಿಗೆ ಮನೆಯಲ್ಲಿದ್ದ ಎರಡು ವರ್ಷದ ಮಗು ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ಆಮೇಲೆ ಅಲ್ಲಿ ಕಾನೂನೇ ಬಿಗಿಯಾಯಿತು.

ಹೀಗಾಗಿ ಬಿಸಿ ಕಂಬಿಯನ್ನು ಕೊಳ್ಳುವ ಮೊದಲು ಹಬೆ ಹೊರಹಾಕುವ ಎಕ್ಸಾಸ್ಟ್ ಫ್ಯಾನ್ ನೋಡಿಕೊಳ್ಳಬೇಕು. ಇಂಗ್ಲೆಂಡಿನ ಕಟ್ಟಡ ನಿಯಮದ ಪ್ರಕಾರ ಬಚ್ಚಲಿನ ಎಕ್ಸಾಸ್ಟ್ ಸೆಕೆಂಡಿಗೆ 15 ಲೀಟರ್ ಗಾಳಿ ಹೊರತಳ್ಳಬೇಕು. ಅದು ಕೆಟ್ಟು ಕೂತಿದ್ದರೆ ಕಂಬಿ ಟವೆಲಿನ ನೀರನ್ನು ಆವಿ ಮಾಡಿ ಮತ್ತೆ ಅದೇ ಕೋಣೆಗೆ ಬಿಡುತ್ತದೆ, ಅಷ್ಟೆ.

ಕಂಬಿಯಲ್ಲಿ ಮೂರು ಬಗೆ

ಬ್ರಿಟನ್ನಿನ ಬಹುಪಾಲು ಮನೆಗಳಲ್ಲಿ ಒಂದು ಬಾಯ್ಲರ್ ನೀರು ಕಾಸಿ ಕೋಣೆ ಕೋಣೆಯ ರೇಡಿಯೇಟರ್‌ಗಳಿಗೆ ಕಳಿಸುತ್ತದೆ. ಅದೇ ಕೊಳವೆಗೆ ಟವೆಲ್ ಕಂಬಿಯನ್ನೂ ಜೋಡಿಸುವುದು ಮೊದಲ ಬಗೆ. ಬೇರೆ ಕರೆಂಟು ಬೇಡ, ಖರ್ಚು ಕಡಿಮೆ. ಆದರೆ ಬೇಸಿಗೆಯಲ್ಲಿ ಮನೆ ಕಾಸುವುದನ್ನು ನಿಲ್ಲಿಸಿದ ದಿನ ಕಂಬಿಯೂ ತಣ್ಣಗಾಗುತ್ತದೆ. ಬ್ರಿಟನ್ನಿನ ಬೇಸಿಗೆಯಲ್ಲಿ ಮಳೆಗೇನೂ ರಜೆಯಿಲ್ಲ. ಎರಡನೆಯದು ಪೂರ್ತಿ ಕರೆಂಟಿನದು. ಕೊಳವೆಯೊಳಗೆ ದ್ರವ ತುಂಬಿ ಕಾಯಿಲಿನಿಂದ ಕಾಸುತ್ತಾರೆ, ಇಲ್ಲವೇ ಒಣ ತಂತಿಯೇ ಕಾಯುತ್ತದೆ. ಮೂರನೆಯದು ಎರಡನ್ನೂ ಸೇರಿಸಿದ್ದು: ಚಳಿಗಾಲದಲ್ಲಿ ಬಾಯ್ಲರ್ ನೀರು, ಉಳಿದ ದಿನ ಕಾಯಿಲ್. ಮನೆ ದುರಸ್ತಿ ನಡೆಯುತ್ತಿರುವಾಗಲೇ ಹಾಕಿಸುವುದಾದರೆ ನನ್ನ ಮತ ಮೂರನೆಯದಕ್ಕೆ. ಒಂದು ಎಚ್ಚರ: ಕಾಯಿಲ್ ಉರಿಯುವಾಗ ಎರಡೂ ಕಡೆಯ ವಾಲ್ವ್ ಮುಚ್ಚಬಾರದು. ಕಾದ ನೀರು ಹಿಗ್ಗಲು ಒಂದು ಬದಿ ತೆರೆದಿರಬೇಕು.

ಇನ್ನು ಹೊರಮೈಯ ಮಾತು. ಥಳಥಳ ಹೊಳೆಯುವ ಕ್ರೋಮ್ ಕಂಬಿಗೇ ಎಲ್ಲರ ಕಣ್ಣು. ಆದರೆ ಅದೇ ಅಳತೆಯ ಬಿಳಿ ಬಣ್ಣದ ಕಂಬಿ ಹೆಚ್ಚು ಶಾಖ ಬಿಡುತ್ತದೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಹೊಳಪು ಮೈ ಶಾಖವನ್ನು ಸುಲಭವಾಗಿ ಹೊರಸೂಸುವುದಿಲ್ಲ.

ಅಂಗಡಿಯಲ್ಲಿ ಶಾಖವನ್ನು ಒಮ್ಮೆ ವಾಟ್‌ನಲ್ಲಿ, ಒಮ್ಮೆ ಬಿಟಿಯುನಲ್ಲಿ ಹೇಳುತ್ತಾರೆ. 1 ವಾಟ್ ಅಂದರೆ ಗಂಟೆಗೆ ಸುಮಾರು 3.41 ಬಿಟಿಯು. ಬಿಟಿಯು ಅಂಕಿ ದೊಡ್ಡದಾಗಿ ಕಾಣುವುದರಿಂದ ಜಾಹೀರಾತಿಗೆ ಅದೇ ಇಷ್ಟ. ಇನ್ನೊಂದು ಸಂಗತಿಯನ್ನು ಅವರು ಹೇಳುವುದಿಲ್ಲ: ದಪ್ಪ ಟವೆಲು ಹೊದೆಸಿದ ಕಂಬಿ ಕೋಣೆಯನ್ನು ಬೆಚ್ಚಗೆ ಮಾಡುವುದು ಕಷ್ಟ. ಟವೆಲು ಒಣಗಬೇಕೋ, ಬಚ್ಚಲು ಬೆಚ್ಚಗಿರಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಿ. ಎರಡೂ ಬೇಕೆಂದರೆ ದೊಡ್ಡ ಕಂಬಿ ಬೇಕು.

ಖರ್ಚು ಲೆಕ್ಕ ಹಾಕುವುದು ಸುಲಭ. 150 ವಾಟ್ ಕಂಬಿ ದಿನಕ್ಕೆ 3 ಗಂಟೆ ಉರಿದರೆ ಅರ್ಧ ಯೂನಿಟ್ಟಿಗೂ ಕಡಿಮೆ. ಯೂನಿಟ್ಟಿಗೆ 25 ಪೆನ್ಸ್ ಎಂದು ಹಿಡಿದರೆ 11 ಪೆನ್ಸ್ ಚಿಲ್ಲರೆ. ಅದನ್ನೇ ಆರಿಸದೆ ಬಿಟ್ಟರೆ ದಿನಕ್ಕೆ 3.6 ಯೂನಿಟ್, 90 ಪೆನ್ಸ್. ಟೈಮರ್ ಇಲ್ಲದ ಕಂಬಿಯನ್ನು ಕೊಳ್ಳಬೇಡಿ.

ನೀರಿನ ಪಕ್ಕದಲ್ಲಿ ಕರೆಂಟು

ನಮ್ಮಲ್ಲಿ ಬಚ್ಚಲೊಳಗೇ ಗೀಜರಿನ ಸ್ವಿಚ್ಚು ಇಡುವುದುಂಟು, ಬಕೆಟ್ಟಿಗೆ ನೀರು ಕಾಸುವ ರಾಡು ಇಳಿಬಿಡುವುದೂ ಉಂಟು. ಬ್ರಿಟನ್ನಿನಲ್ಲಿ ಬಚ್ಚಲನ್ನು ನೀರಿಗೆ ಎಷ್ಟು ಹತ್ತಿರ ಎಂಬುದರ ಮೇಲೆ ವಲಯಗಳಾಗಿ ಅಳೆಯುತ್ತಾರೆ. ಟಬ್ಬಿನ ಒಳಗು 0, ಅದರ ಮೇಲಿನ ಜಾಗ 1, ಅಂಚಿನಿಂದ 60 ಸೆಂಟಿಮೀಟರ್ ತನಕ 2. ವಲಯ 1 ಮತ್ತು 2ರಲ್ಲಿ ಬರುವ ಸಾಮಾನಿಗೆ ಕನಿಷ್ಠ ಐಪಿಎಕ್ಸ್4 ಗುರುತು ಬೇಕು, ಅಂದರೆ ಯಾವ ದಿಕ್ಕಿನಿಂದ ನೀರು ಸಿಡಿದರೂ ತಡೆಯಬೇಕು. ಮಾಮೂಲಿ ಪ್ಲಗ್ ಪಾಯಿಂಟು ಟಬ್ಬಿನಿಂದ 2.5 ಮೀಟರಿನ ಒಳಗೆ ಇರಕೂಡದು. 2022ರ ತನಕ ಈ ದೂರ 3 ಮೀಟರ್ ಇತ್ತು. ಹೀಗಾಗಿ ಕಂಬಿಯ ವೈರನ್ನು ಸಾಮಾನ್ಯವಾಗಿ ಗೋಡೆಯ ಆಚೆ ಬದಿಗೆ ತೆಗೆದು ಅಲ್ಲಿ ಫ್ಯೂಸ್ ಇರುವ ಸ್ವಿಚ್ಚಿಗೆ ಕೊಡುತ್ತಾರೆ. ಜೊತೆಗೆ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಡಿ ಇರಬೇಕು.

ಇಂಗ್ಲೆಂಡಿನಲ್ಲಿ 2005ರಿಂದ ಇಂಥ ಕೆಲಸಕ್ಕೆ ಕಟ್ಟಡ ನಿಯಮದ ಹಿಡಿತವಿದೆ. ನೋಂದಾಯಿತ ಎಲೆಕ್ಟ್ರಿಷಿಯನ್ ಮಾಡಿ ಸರ್ಟಿಫಿಕೇಟ್ ಕೊಡುತ್ತಾನೆ, ಮುಂದೆ ಮನೆ ಮಾರುವಾಗ ಕೊಳ್ಳುವವರ ವಕೀಲರು ಅದನ್ನೇ ಕೇಳುತ್ತಾರೆ. ಆಸ್ಟ್ರೇಲಿಯಾದಲ್ಲಿ ಇನ್ನೂ ಬಿಗಿ: ಲೈಸೆನ್ಸ್ ಇಲ್ಲದವರು ಮನೆಯ ವೈರಿಂಗ್ ಮುಟ್ಟುವಂತಿಲ್ಲ.

ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ

ಕರೆಂಟಿನ ಸೀಲಿಂಗ್ ಫ್ಯಾನು 1882ರಷ್ಟು ಹಳೆಯದು. ಅಮೆರಿಕದಲ್ಲಿ ಫಿಲಿಪ್ ಡೀಲ್ ಎಂಬಾತ ಹೊಲಿಗೆ ಯಂತ್ರಕ್ಕೆಂದು ಮಾಡಿದ ಮೋಟರನ್ನು ಸೂರಿಗೆ ತೂಗುಹಾಕಿದ. ಅದರ ಕೆಲಸ ಅಂದಿಗೂ ಇಂದಿಗೂ ಒಂದೇ: ಮೈಮೇಲಿನ ಬೆವರು ಬೇಗ ಆರುವಂತೆ ಗಾಳಿ ಓಡಾಡಿಸುವುದು. ಕೋಣೆಯ ಉಷ್ಣತೆ ಇಳಿಯುವುದಿಲ್ಲ. ಮೋಟರಿನ ಕಾವು ಸೇರಿ ಕೂದಲೆಳೆಯಷ್ಟು ಏರುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು ಬರೀ ದಂಡ. ಗಾಳಿ 40 ಡಿಗ್ರಿ ದಾಟಿದರೆ ಫ್ಯಾನು ಮೈಯನ್ನೇ ಕಾಯಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಅಂಥ ಮಧ್ಯಾಹ್ನ ಒದ್ದೆ ಬಟ್ಟೆ, ತಣ್ಣೀರು ಬೇಕು.

ಬ್ರಿಟನ್ನಿನಲ್ಲಿ ಫ್ಯಾನ್ ಯಾಕೆ ಎಂದು ಮೊದಲು ನಗುತ್ತಿದ್ದರು. 2022ರ ಜುಲೈ 19ರಂದು ಲಿಂಕನ್‌ಶೈರಿನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು, ಆ ದೇಶದಲ್ಲಿ ಪಾದರಸ 40 ದಾಟಿದ್ದು ಅಂದೇ ಮೊದಲು. ಶಾಖ ಒಳಗೇ ಹಿಡಿದಿಡಲು ಕಟ್ಟಿದ ಮನೆಗಳು ಆ ರಾತ್ರಿ ಮಲಗಲು ಬಿಡಲಿಲ್ಲ. ಈಗ ನಗುವವರು ಕಡಿಮೆ.

ಸೂರು ಎಷ್ಟು ಎತ್ತರ, ಯಾವುದರದ್ದು

ಬ್ರಿಟನ್ನಿನ ಹೊಸ ಮನೆಗಳ ಸೂರು ಸಾಮಾನ್ಯವಾಗಿ 2.4 ಮೀಟರ್, ಎಂಟು ಅಡಿಗಿಂತ ಕೊಂಚ ಕಡಿಮೆ. ಅಲ್ಲಿಯ ಸುರಕ್ಷಾ ಮಾನದಂಡದಂತೆ ಜಾಲರಿ ಇಲ್ಲದ ಫ್ಯಾನಿನ ರೆಕ್ಕೆ ನೆಲದಿಂದ 2.3 ಮೀಟರಿಗಿಂತ ಮೇಲಿರಬೇಕು. ಉಳಿಯುವುದು 10 ಸೆಂಟಿಮೀಟರ್! ರಾಡಿನಿಂದ ಇಳಿಬಿಡುವ ನಮ್ಮ ಫ್ಯಾನಿಗೆ ಅಲ್ಲಿ ಜಾಗವೇ ಇಲ್ಲ. ಸೂರಿಗೆ ಅಂಟಿಕೊಂಡು ಕೂರುವ ಮಾದರಿಗೂ ಅಳತೆಪಟ್ಟಿ ಹಿಡಿದೇ ಹೋಗಬೇಕು. ಎತ್ತರ ಸಾಲದಿದ್ದರೆ ಹಟ ಬಿಟ್ಟು ಸ್ಟ್ಯಾಂಡ್ ಫ್ಯಾನ್ ತರುವುದು ಜಾಣತನ. ಆಸ್ಟ್ರೇಲಿಯಾದಲ್ಲಿ ಈ ಎತ್ತರ 2.1 ಮೀಟರ್, ಅಮೆರಿಕದಲ್ಲಿ ಏಳು ಅಡಿ. ಅಲ್ಲಿ ಸೀಲಿಂಗ್ ಫ್ಯಾನು ಸಾಮಾನ್ಯ ಸಂಗತಿ.

ಇನ್ನು ಆಧಾರ. ಸ್ಲ್ಯಾಬಿನ ಮನೆಯಲ್ಲಿ ಬೆಳೆದವರಿಗೆ ಸೂರು ಅಂದರೆ ಕಾಂಕ್ರೀಟು, ಎಲ್ಲಿ ಬೇಕಾದರೂ ಹುಕ್ಕು ಹಾಕಬಹುದು. ಬ್ರಿಟನ್ನಿನಲ್ಲಿ ಕಣ್ಣಿಗೆ ಕಾಣುವುದು 12.5 ಮಿಲಿಮೀಟರಿನ ಜಿಪ್ಸಮ್ ಹಲಗೆ ಮಾತ್ರ, ಫ್ಯಾನಿನ ಭಾರ ಅದು ಹೊರದು. ಅದರ ಹಿಂದೆ 40 ಅಥವಾ 60 ಸೆಂಟಿಮೀಟರಿಗೊಂದರಂತೆ ಕಟ್ಟಿಗೆಯ ಅಡ್ಡಪಟ್ಟಿಗಳಿವೆ. ಲಕ್ಕುಂಡಿಯ ಮೇಲ್ಮುದ್ದೆ ಮನೆಯ ಅಜ್ಜನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅವನ ತೊಲೆ-ಜಂತಿಯ ಲೆಕ್ಕವೇ ಅದು: ಭಾರ ಮರಕ್ಕೆ ಕೂರಬೇಕು. ಎರಡು ಪಟ್ಟಿಗಳ ನಡುವೆ ಫ್ಯಾನು ಬರುವುದಾದರೆ ಮೇಲಿನಿಂದ ಅಡ್ಡ ಮರ ಬಡಿದು ಅದಕ್ಕೆ ಬಿಗಿಯಬೇಕು. ಅಮೆರಿಕದಲ್ಲಿ ಫ್ಯಾನಿನ ಭಾರ, ನಡುಕ ತಡೆಯುತ್ತದೆಂದು ಗುರುತು ಹಾಕಿದ ಬಾಕ್ಸೇ ಬೇಕು. ಬಲ್ಬಿನ ಬಾಕ್ಸಿಗೆ ಫ್ಯಾನು ತೂಗುಹಾಕುವುದು ನಿಯಮಕ್ಕೆ ವಿರುದ್ಧ.

ಊರಿನಿಂದಲೇ ಒಯ್ಯುವುದು

‘ಇಲ್ಲಿಂದನ ಒಂದು ತಗೊಂಡು ಹೋಗೋ, ಅಲ್ಲಿ ತುಟ್ಟಿ ಇರ್ತೈತಿ’ ಎಂಬ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ತುಟ್ಟಿ ಎಂಬುದು ನಿಜ. ಬ್ರಿಟನ್, ಆಸ್ಟ್ರೇಲಿಯಾ, ದುಬೈಗಳಲ್ಲಿ ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಸ್ ಕರೆಂಟು, ಫ್ಯಾನು ತಿರುಗುತ್ತದೆ. ತೊಡಕು ಬೇರೆಡೆ ಇದೆ. ನಮ್ಮ ಐಎಸ್‌ಐ ಗುರುತು ಅಲ್ಲಿ ನಡೆಯುವುದಿಲ್ಲ. ಬ್ರಿಟನ್ನಿನಲ್ಲಿ ಯುಕೆಸಿಎ ಇಲ್ಲವೇ ಸಿಇ, ಆಸ್ಟ್ರೇಲಿಯಾದಲ್ಲಿ ಆರ್‌ಸಿಎಂ ಗುರುತು ನೋಡುತ್ತಾರೆ. ಗುರುತಿಲ್ಲದ ಫ್ಯಾನನ್ನು ಹಾಕಲು ಒಳ್ಳೆಯ ಎಲೆಕ್ಟ್ರಿಷಿಯನ್ ಹಿಂದೇಟು ಹಾಕುತ್ತಾನೆ, ನಾಳೆ ಏನಾದರೂ ಆದರೆ ವಿಮೆಯವರು ತಕರಾರು ತೆಗೆಯಬಹುದು. ಹುಕ್ಕಿಗೆ ಸಿಕ್ಕಿಸುವ ನಮ್ಮ ಜೋಡಣೆಗೆ ಅಲ್ಲಿಯ ಸೂರಿನಲ್ಲಿ ಹುಕ್ಕೂ ಇರುವುದಿಲ್ಲ.

ಅಮೆರಿಕಕ್ಕಂತೂ ಬೇಡವೇ ಬೇಡ. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ವೋಲ್ಟೇಜು ಅರ್ಧಕ್ಕೆ ಇಳಿದರೆ ಮಾಮೂಲಿ ಮೋಟರಿನ ತಿರುಗಿಸುವ ಬಲ ಕಾಲು ಭಾಗಕ್ಕೆ ಇಳಿಯುತ್ತದೆ, ರೆಕ್ಕೆ ಸುಮ್ಮನೆ ತೂಕಡಿಸುತ್ತದೆ. ಅಲ್ಲಿಯ ಫ್ಯಾನುಗಳು ಅಗಲ ರೆಕ್ಕೆಯವು, ನಿಧಾನ ತಿರುಗುವವು, ಸದ್ದಿಲ್ಲದವು. ನಿಮಿಷಕ್ಕೆ 350-400 ಸುತ್ತು ಹೊಡೆಯುವ ಫ್ಯಾನಿನ ಕೆಳಗೆ ಮಲಗಿ ರೂಢಿಯಾದ ಅಪ್ಪ-ಅಮ್ಮ ಹೋದಾಗ ‘ಗಾಳಿನ ಬರವಲ್ದು’ ಎನ್ನುವುದು ಇದಕ್ಕೇ. ಆದರೆ ಅಲ್ಲಿಯ ಫ್ಯಾನುಗಳಿಗೊಂದು ಉಪಾಯ ಗೊತ್ತು: ಚಳಿಗಾಲಕ್ಕೆ ದಿಕ್ಕು ಬದಲಿಸಿ ಗಾಳಿಯನ್ನು ಮೇಲಕ್ಕೆ ತಳ್ಳಿ, ಸೂರಿನಲ್ಲಿ ಸೇರಿಕೊಂಡ ಬಿಸಿಯನ್ನು ಗೋಡೆಗುಂಟ ಕೆಳಗಿಳಿಸುತ್ತವೆ.

ಊರಿನ ಮನೆಗೆ

ಮಕ್ಕಳು ಕಳಿಸಿದ ದುಡ್ಡಿನಲ್ಲಿ ಊರಿನ ಮನೆಗೆ ಫ್ಯಾನು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ನಕ್ಷತ್ರ ನೋಡಿ. 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಗುರುತು ಕಡ್ಡಾಯ. ಒಂದು ವಾಟ್ ಕರೆಂಟಿಗೆ ನಿಮಿಷಕ್ಕೆ ಎಷ್ಟು ಘನಮೀಟರ್ ಗಾಳಿ ಎಂಬುದೇ ಅದರ ಲೆಕ್ಕ. 1200 ಮಿಲಿಮೀಟರಿನ ಹಳೆಯ ಫ್ಯಾನು 75 ವಾಟ್ ತಿನ್ನುತ್ತಿತ್ತು, ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಮೋಟರಿನದು 30ರ ಆಸುಪಾಸು. ದಿನಕ್ಕೆ 10 ಗಂಟೆ ಓಡಿದರೆ ತಿಂಗಳಿಗೆ 22.5 ಯೂನಿಟ್ಟಿನ ಜಾಗದಲ್ಲಿ 9.

ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದಮೇಲೆ ಹೆಸ್ಕಾಂ ಬಿಲ್ಲು ಸೊನ್ನೆಯಾದ ಮನೆಗಳಿಗೆ ಈ ಉಳಿತಾಯ ಕಣ್ಣಿಗೆ ಕಾಣುವುದಿಲ್ಲ. ಹಳ್ಳಿಯಲ್ಲಿ ಬಿಎಲ್‌ಡಿಸಿ ಕೊಳ್ಳಲು ಬೇರೆ ಎರಡು ಕಾರಣಗಳಿವೆ. ವೋಲ್ಟೇಜು ಕುಸಿದಾಗಲೂ ಅದರ ವೇಗ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಕರೆಂಟು ಹೋದಾಗ ಅದೇ ಇನ್ವರ್ಟರಿನ ಮೇಲೆ ಎರಡು ಪಟ್ಟು ಹೊತ್ತು ಓಡುತ್ತದೆ. ಗೋಡೆಯ ಹಳೆಯ ರೆಗ್ಯುಲೇಟರ್ ಮಾತ್ರ ತೆಗೆಸಿ. ಅದರ ಜೊತೆ ಈ ಮೋಟರು ಹೊಂದಿಕೊಳ್ಳುವುದಿಲ್ಲ. ರಿಮೋಟ್ ಕಳೆದರೆ ಕಷ್ಟ, ಗೋಡೆಗೊಂದು ಗೂಡು ಮಾಡಿಸಿಡಿ.

ಹೊಸದಾಗಿ ಸ್ಲ್ಯಾಬ್ ಹಾಕಿಸುವವರು ಅದರ ಕಬ್ಬಿಣ ಕಟ್ಟುವ ದಿನವೇ ಫ್ಯಾನ್ ಬಾಕ್ಸಿನ ಜಾಗ ಹೇಳಬೇಕು. ಮೇಸ್ತ್ರಿ ಕೇಳದೆ ಕೋಣೆಯ ನಟ್ಟನಡುವೆ ಇಡುತ್ತಾನೆ. ಮಂಚ ಎಲ್ಲಿ ಬರುತ್ತದೆಂದು ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಅದರ ನೇರಕ್ಕೆ ಇಡಿಸಿಕೊಳ್ಳಿ.